ಮುಖವೆಲ್ಲಿ, ಬೆನ್ನೆಲ್ಲಿ ಎಂದು ತಿಳಿಸದ ಫ್ಯಾನಿನವರಿಗೆ

ಇವರಿಗೆ,
ಶ್ರೀಮಾನ್ ಹಿಂಬದಿ ಫ್ಯಾನ್ ಅವರು
(ಹಾಗೂ ಮುಂಬದಿಯಲ್ಲಿರುವ ಅವರ ಇಬ್ಬರು ಸಹೋದರರು),
ಕಂಪ್ಯೂಟರ್ ಡಬ್ಬಿಯ ಒಳಗೆ,
ಮಗ್ಗದ ಮನೆಯ ಪಕ್ಕದ ಕೋಣೆ,
ದೊಡ್ಡಬಳ್ಳಾಪುರ.

ವಿಷಯ: ಗಾಳಿಯನ್ನು ಯಾವ ಕಡೆಯಿಂದ ಎಳೆದು ಯಾವ ಕಡೆಗೆ ಬಿಡುತ್ತೀರೆಂಬುದನ್ನು ಗುಟ್ಟಾಗಿಟ್ಟು ಒಂದು ಸಂಸಾರವನ್ನು ಬಿಸಿ ಮಾಡಿದ ಬಗ್ಗೆ.

ಮಾನ್ಯರೇ,

ಎಡೆಬಿಡದೆ ಸುತ್ತುತ್ತಿದ್ದರೂ ಇದ್ದಲ್ಲಿಂದ ಒಂದಂಗುಲವೂ ಕದಲದ ತಮ್ಮ ಸ್ಥಿರಚಿತ್ತಕ್ಕೆ, ಕರ್ರಗೆ ಮಿರುಗುವ ತಮ್ಮ ಅಷ್ಟೂ ರೆಕ್ಕೆಗಳಿಗೆ, ತಮ್ಮನ್ನು ಮೂಲೆ ಮೂಲೆಯಲ್ಲಿ ಹಿಡಿದುಕೊಂಡಿರುವ ಸ್ಕ್ರೂಗಳಿಗೆ ಮೊದಲಾಗಿ ನನ್ನ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ತಮ್ಮ ಕ್ಷೇಮವನ್ನು ಪತ್ರ ಬರೆದು ವಿಚಾರಿಸಬೇಕಾದ ಅಗತ್ಯವಿಲ್ಲ. ಡಬ್ಬಿಯ ಮೇಲೆ ಅಂಗೈ ಇಟ್ಟರೆ ರೊಟ್ಟಿಯ ಹಂಚು ಮುಟ್ಟಿದಷ್ಟು ಚೆನ್ನಾಗಿ ತಿಳಿಯುತ್ತದೆ.

ತಾವು ನನ್ನ ಕಡೆಗೆ ಮುಖ ತಿರುಗಿಸಿದ್ದೇ ಈ ಸಲದ ಆಯುಧಪೂಜೆಯಿಂದೀಚೆಗೆ ಆದ್ದರಿಂದ ನನ್ನ ಪರಿಚಯ ತಮಗಿರಲಾರದು. ನಾನು ಅರ್ಪಿತ, ಈ ಮನೆಯ ಸೊಸೆ. ಮಗ್ಗದವರಿಗೆ ಸೀರೆಯ ಅಂಚು, ಸೆರಗುಗಳ ಚಿತ್ರವನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬರೆದು ಪೆನ್‌ಡ್ರೈವಿಗೆ ಹಾಕಿ ಕೊಡುವುದು ನನ್ನ ಕೆಲಸ. ಅದನ್ನು ಅವರು ಮಗ್ಗದ ಮೇಲಿರುವ ಜಕಾರ್ಡ್ ಪೆಟ್ಟಿಗೆಗೆ ಚುಚ್ಚಿಕೊಂಡರೆ ನಾನು ಬರೆದ ಮಾವಿನಕಾಯಿ, ನವಿಲು, ಬಳ್ಳಿಗಳೆಲ್ಲ ರೇಷ್ಮೆಯಲ್ಲಿ ಇಳಿದು ಬರುತ್ತವೆ. ಸದ್ಯಕ್ಕೆ ಹಿಂದಿನ ಬೀದಿಯ ಮಗ್ಗದ ಯಜಮಾನರಾದ ಚಿನ್ನಸ್ವಾಮಿಯವರಿಗೆ ಎದುರುಬದುರು ಕುಳಿತ ಜೋಡಿ ಗಿಳಿಗಳ ಅಂಚೊಂದನ್ನು ಬರೆದುಕೊಡಬೇಕಾಗಿದೆ. ಕೊಕ್ಕು ಬರೆಯುವವರೆಗೆ ತಾವು ಸೌಜನ್ಯದಿಂದ ಇರುತ್ತೀರಿ. ರೆಕ್ಕೆಗೆ ಬಂದಾಗ ಹೂಂಕರಿಸಲು ಶುರುಮಾಡುತ್ತೀರಿ. ಬಾಲಕ್ಕೆ ಬಣ್ಣ ತುಂಬುವ ಹೊತ್ತಿಗೆ ಡಬ್ಬಿ ಕಾದು, ಪರದೆ ಕಪ್ಪಾಗಿ, ಕೋಣೆಯಲ್ಲಿ ನಾನು ಮತ್ತು ನನ್ನ ನಿಟ್ಟುಸಿರು ಇಬ್ಬರೇ ಉಳಿಯುತ್ತೇವೆ.

ಇದು ಬೇಸಿಗೆಯಾಗಿದ್ದರೆ ತಮ್ಮನ್ನು ಕ್ಷಮಿಸುತ್ತಿದ್ದೆ. ಆದರೆ ಇದು ಕಾರ್ತಿಕ ಮಾಸ, ಊರಿಗೆ ಊರೇ ಸ್ವೆಟರು ಮಫ್ಲರುಗಳಲ್ಲಿ ಮುಚ್ಚಿಕೊಂಡು ಟೀ ಅಂಗಡಿಯ ಒಲೆಯ ಸುತ್ತ ನಿಂತಿರುವ ಕಾಲ. ಇಂಥ ಚಳಿಯಲ್ಲೂ ಒಂದು ಡಬ್ಬಿಯೊಳಗೆ ಚೈತ್ರ ವೈಶಾಖಗಳನ್ನು ಉಳಿಸಿಕೊಂಡಿರುವ ತಮ್ಮ ಸಾಧನೆಗೆ ಸರ್ಕಾರದವರು ರಾಜ್ಯೋತ್ಸವದ ದಿನ ಒಂದು ಶಾಲು ಹೊದೆಸಬೇಕಾಗಿತ್ತು. ಶಾಲಿನಿಂದ ತಾವು ಇನ್ನಷ್ಟು ಬಿಸಿಯಾಗುತ್ತೀರೆಂದು ಬಿಟ್ಟಿದ್ದಾರೆಂದು ಕಾಣುತ್ತದೆ. ಚಿನ್ನಸ್ವಾಮಿಯವರಿಗೆ ಮಾತ್ರ ತಮ್ಮ ಸಾಧನೆಯ ಬೆಲೆ ತಿಳಿಯದು. ಅವರು ಬೆಳಿಗ್ಗೆ ಎದ್ದು ಹಲ್ಲುಜ್ಜಿದ ಕೂಡಲೇ ನಮ್ಮ ಬಾಗಿಲಿಗೆ ಬಂದು, "ಏನಮ್ಮಾ ಅರ್ಪಿತ, ಮಗ್ಗಕ್ಕೆ ಹಾಸಿನ ನೂಲು ಏರಿಸ್ಕೊಂಡು ಕೂತಿದೀನಿ, ನಿನ್ ಗಿಳಿಗೆ ಬಾಲ ಯಾವಾಗ ಬರ್ತದೆ?" ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸಿ ಹೋಗುತ್ತಾರೆ.

ಮಾನ್ಯರೇ, ತಾವು ಕೆಲಸ ಮಾಡುತ್ತಿಲ್ಲವೆಂಬುದು ನನ್ನ ದೂರಲ್ಲ. ತಾವು ಸುತ್ತುತ್ತಿದ್ದೀರಿ, ಶ್ರದ್ಧೆಯಿಂದ ಸುತ್ತುತ್ತಿದ್ದೀರಿ. ಯಾವ ಕಡೆಗೆ ಗಾಳಿ ಬೀಸುತ್ತಿದ್ದೀರಿ ಎಂಬುದನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ. ಚುನಾವಣೆಯ ಹಿಂದಿನ ವಾರದ ನಮ್ಮ ವಾರ್ಡಿನ ಮುಖಂಡರಲ್ಲಿ ಮಾತ್ರ ನಾನು ಈ ಗುಣವನ್ನು ಕಂಡಿದ್ದೆ. ಮಾಕಳಿದುರ್ಗದ ಕಡೆಯಿಂದ ಬೀಸುವ ಗಾಳಿಯ ಮೇಲೆ ಯಾವ ಗುರುತೂ ಇಲ್ಲ, ಆದರೂ ಅದು ಎಲ್ಲಿಂದ ಬರುತ್ತಿದೆಯೆಂದು ಬಯಲಲ್ಲಿ ನಿಂತ ಎಮ್ಮೆಗೂ ಗೊತ್ತಾಗುತ್ತದೆ, ಅದು ತಿರುಗಿ ನಿಲ್ಲುತ್ತದೆ. ತಮ್ಮ ಮೈಮೇಲಾದರೋ ಗುರುತಿದೆ. ಅದೂ ಒಂದಲ್ಲ, ಎರಡು ಬಾಣಗಳು: ತಾವು ಯಾವ ಕಡೆಗೆ ಸುತ್ತುತ್ತೀರೆಂದು ಹೇಳುವುದಕ್ಕೆ ಒಂದು, ಗಾಳಿ ಯಾವ ಕಡೆಗೆ ಹೋಗುತ್ತದೆಂದು ಹೇಳುವುದಕ್ಕೆ ಇನ್ನೊಂದು. ಆ ಎರಡು ಬಾಣಗಳನ್ನೂ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕಪ್ಪಗೆ, ಚೌಕಟ್ಟಿನ ಅಂಚಿನಲ್ಲಿ, ಡಬ್ಬಿ ಬಿಚ್ಚಿ ಟಾರ್ಚು ಹಿಡಿದು ಬಗ್ಗಿ ನೋಡಿದವರಿಗೂ ಸುಲಭವಾಗಿ ಕಾಣದಂತೆ ಕೆತ್ತಿಸಿಕೊಂಡಿದ್ದೀರಿ. ಮಾಹಿತಿಯನ್ನು ಕೊಟ್ಟೂ ಕೊಡದಿರುವ ಈ ಕಲೆಯನ್ನು ತಾವು ಯಾವ ಕಚೇರಿಯಲ್ಲಿ ಕಲಿತಿರೋ ತಿಳಿಯದು.

ಇನ್ನು ತಮ್ಮ ಮುಖದ ವಿಚಾರ. ನಮ್ಮ ಅತ್ತೆಯವರಾದ ಗಂಗಲಕ್ಷ್ಮಮ್ಮನವರ ಪ್ರಕಾರ ಪ್ರತಿಯೊಂದು ಯಂತ್ರಕ್ಕೂ ಒಂದು ಮುಖ, ಒಂದು ಬೆನ್ನು ಇರುತ್ತದೆ, ಹೆಸರು ಬರೆದಿರುವ ಕಡೆಯೇ ಮುಖ. ಮಗ್ಗದ ಮೋಟಾರಿಗೆ ಹೆಸರಿನ ತಗಡು ಇರುವ ಕಡೆ ಕುಂಕುಮ ಇಡುತ್ತಾರೆ, ಹೊಲಿಗೆ ಯಂತ್ರಕ್ಕೆ ಹೆಸರಿನ ಮೇಲೆ, ಮಿಕ್ಸಿಗೆ ಹೆಸರಿನ ಪಕ್ಕ. ಪೂಜೆ ಮಾಡಿಸಿಕೊಂಡ ಮುಖ ಮನೆಯವರ ಕಡೆಗೇ ತಿರುಗಿರಬೇಕು, ಗೋಡೆ ನೋಡಿಕೊಂಡು ಕೂತ ದೇವರನ್ನು ಕಟ್ಟಿಕೊಂಡು ಮಾಡುವುದೇನು ಎಂಬುದು ಅವರ ನಂಬಿಕೆ. ಆಯುಧಪೂಜೆಯ ಹಿಂದಿನ ದಿನ ಅವರು ಮಗ್ಗದ ಸಾಮಾನುಗಳನ್ನೆಲ್ಲ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸುವುದು ನಾನು ಈ ಮನೆಗೆ ಬರುವುದಕ್ಕೆ ಎಷ್ಟೋ ಹಿಂದಿನಿಂದ ನಡೆದುಬಂದ ಪದ್ಧತಿ. ಸ್ಪ್ಯಾನರ್ ಹಿಡಿದ ಅವರ ಕೈಗೆ ಅಡ್ಡ ಬಂದ ನಟ್ಟು ಈ ತಾಲ್ಲೂಕಿನಲ್ಲೇ ಇಲ್ಲ.

ಆದರೆ ನಾನು ಮದುವೆಯಾಗಿ ಬಂದಾಗಿನಿಂದ ಒಂದು ಆಯುಧಪೂಜೆಯಲ್ಲೂ ನನ್ನ ಕಂಪ್ಯೂಟರಿಗೆ ಒಂದು ಚಿಟಿಕೆ ಕುಂಕುಮ ಬಿದ್ದಿರಲಿಲ್ಲ. ಮಗ್ಗಗಳಿಗೆ ಬಿತ್ತು, ಕತ್ತರಿಗೆ ಬಿತ್ತು, ನನ್ನ ಗಂಡ ಬೈರೇಶ್ ಅವರು ದಾಬಸ್‌ಪೇಟೆಯ ಗೋದಾಮಿಗೆ ಓಡಿಸಿಕೊಂಡು ಹೋಗುವ ಬೈಕಿಗೆ ಬಾಳೆಕಂದು ಕಟ್ಟಿ ಚಕ್ರದಡಿ ನಿಂಬೆಹಣ್ಣು ಇಟ್ಟದ್ದೂ ಆಯಿತು. ಕಂಪ್ಯೂಟರು ಮಾತ್ರ "ಆ ಡಬ್ಬ". ಪಕ್ಕದ ಮನೆಯವರು ಸೊಸೆ ಏನು ಮಾಡುತ್ತಾಳೆಂದು ಕೇಳಿದರೆ, "ಏನೋ, ಡಬ್ಬದ ಮುಂದೆ ಕೂತಿರ್ತಾಳೆ" ಎಂಬುದೇ ಅತ್ತೆಯವರ ಉತ್ತರವಾಗಿತ್ತು. ನನಗೆ ಅದು ನೋಯುತ್ತಿತ್ತು, ಮಾನ್ಯರೇ. ಕೂತಿರುವುದು ಬೇರೆ, ಕೆಲಸ ಮಾಡುವುದು ಬೇರೆ ಎಂದು ಹೇಳಬೇಕೆನ್ನಿಸುತ್ತಿತ್ತು, ಹೇಳುತ್ತಿರಲಿಲ್ಲ.

ಈ ವರ್ಷ ಹಬ್ಬದ ಹಿಂದಿನ ದಿನ ನಾನು ನಲ್ಲೂರಿನ ನನ್ನ ತವರಿಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ನನ್ನ ಕಂಪ್ಯೂಟರಿಗೆ ಸೇವಂತಿಗೆ ಹಾರ ಬಿದ್ದಿತ್ತು. ಅತ್ತೆಯವರು ಅದನ್ನೂ ಮಗ್ಗದಂತೆಯೇ ಬಿಚ್ಚಿದ್ದರು. ತಮ್ಮನ್ನೂ ತಮ್ಮ ಸಹೋದರರನ್ನೂ ಹೊರತೆಗೆದು, ರೆಕ್ಕೆ ರೆಕ್ಕೆಯನ್ನೂ ಒರೆಸಿ, ನಡುವೆ ಹೆಸರಿನ ಚೀಟಿ ಅಂಟಿಸಿರುವ ಕಡೆಗೆ ಅರಿಶಿನ ಕುಂಕುಮ ಇಟ್ಟು, ಮೂವರ ಮುಖವೂ ಕುರ್ಚಿಯಲ್ಲಿ ಕೂರುವ ನನ್ನ ಕಡೆಗೇ ಬರುವಂತೆ ತಿರುಗಿಸಿ ಸ್ಕ್ರೂ ಬಿಗಿದಿದ್ದರು. ವೈರುಗಳನ್ನು ಕೂಡ ಎಲ್ಲಿಂದ ತೆಗೆದಿದ್ದರೋ ಅಲ್ಲಿಗೇ ಚುಚ್ಚಿದ್ದರು. ಮಂಗಳಾರತಿಗೆ ಬಂದಿದ್ದ ಪಕ್ಕದ ಮನೆಯವರಿಗೆ ನನ್ನ ಮೇಜು ತೋರಿಸಿ, "ನಮ್ ಸೊಸೆ ಬಾರ್ಡರ್ ಬರೀತಾಳೆ ಕಣಮ್ಮ, ಅದು ಅವಳ ಮಗ್ಗ" ಎಂದರು.

ಅವಳ ಮಗ್ಗ! ಆ ಎರಡು ಮಾತು ಕೇಳಿ ಆ ದಿನ ನಾನು ಹೋಳಿಗೆಯನ್ನು ಲೆಕ್ಕವಿಲ್ಲದೆ ತಿಂದೆ.

ತಾವು ಅಂದೇ ಒಂದು ಮಾತು ಹೇಳಬಹುದಾಗಿತ್ತು. ಹೆಸರಿರುವ ಕಡೆ ತಮ್ಮ ಮುಖವಲ್ಲ, ಅದು ತಾವು ಗಾಳಿ ಹೊರಗೆ ಬಿಡುವ ಕಡೆ, ಆದ್ದರಿಂದ ಹಿಂಬದಿಯವರಾದ ತಾವು ಗೋಡೆ ನೋಡುತ್ತ ಬಿಸಿಗಾಳಿಯನ್ನು ಆಚೆ ದಬ್ಬಬೇಕು, ಮುಂಬದಿಯ ಸಹೋದರರು ನನಗೆ ಬೆನ್ನು ಹಾಕಿ ತಣ್ಣನೆಯ ಗಾಳಿಯನ್ನು ಒಳಗೆ ಎಳೆಯಬೇಕು ಎಂದು. ತಾವು ಬಾಯಿ ಬಿಡಲಿಲ್ಲ. ಕುಂಕುಮ ಇಡಿಸಿಕೊಂಡಿರಿ, ಹೂ ಮುಡಿದಿರಿ, ಕಾಯಿ ಒಡೆಸಿಕೊಂಡಿರಿ, ಹಬ್ಬ ಮುಗಿದ ಮೇಲೆ ತಿರುಗಮುರುಗಾ ಬೀಸಲು ಶುರುಮಾಡಿದಿರಿ. ಅಂದಿನಿಂದ ತಾವು ಹಿಂದಿನ ಗೋಡೆಯ ಕಡೆಯ ಬಿಸಿಗಾಳಿಯನ್ನೇ ಒಳಗೆ ತರುತ್ತಿದ್ದೀರಿ. ಒಳಗೆ ಪ್ರೊಸೆಸರಿನ ತಲೆಯ ಮೇಲಿರುವ ಚಿಕ್ಕ ಫ್ಯಾನು ಹಳೆಯ ಅಭ್ಯಾಸದಂತೆ ಬಿಸಿಗಾಳಿಯನ್ನು ತಮ್ಮ ಕಡೆಗೇ ತಳ್ಳುತ್ತಿದೆ. ಎತ್ತು ಏರಿಗೆ ಕೋಣ ನೀರಿಗೆ ಎಂಬ ಗಾದೆಯನ್ನು ಗಾಳಿಯಲ್ಲಿ ಮಾಡಿ ತೋರಿಸಿದ ಕೀರ್ತಿ ತಮ್ಮದು. ಧೂಳು ತಡೆಯುವ ಜಾಲರಿ ಇರುವುದು ಮುಂದುಗಡೆ ಮಾತ್ರ ಎಂಬುದೂ ತಮಗೆ ಚೆನ್ನಾಗಿ ಗೊತ್ತಿತ್ತು. ಮಗ್ಗದ ಮನೆಯಿಂದ ತೇಲಿ ಬರುವ ರೇಷ್ಮೆಯ ನಯವಾದ ಧೂಳನ್ನು ಹಿಂಬಾಗಿಲಿನಿಂದ ಧಾರಾಳವಾಗಿ ಬರಮಾಡಿಕೊಂಡಿರಿ. ಡಬ್ಬಿ ತೆರೆದಾಗ ಕೆಳಗೆ ನೇರಳೆ, ಅದರ ಮೇಲೆ ಗಿಳಿಹಸಿರು, ಅದರ ಮೇಲೆ ರಾಣಿಗುಲಾಬಿ ಕೂತಿದ್ದವು. ಹಬ್ಬದಿಂದೀಚೆಗೆ ನಮ್ಮ ಮನೆಯಲ್ಲಿ ನೇಯ್ದ ಅಷ್ಟೂ ಸೀರೆಗಳ ನೆನಪನ್ನು ಹೀಗೆ ಕಾಪಾಡಿದವರು ಬೇರೆ ಯಾರಿದ್ದಾರೆ?

ತಾವು ಯಾವ ಕಡೆ ಬೀಸುತ್ತೀರೆಂಬುದು ನನಗೆ ಮೊದಲೇ ತಿಳಿದಿರಲಿಲ್ಲ, ತಿಳಿದುಕೊಳ್ಳಲು ಪಟ್ಟ ಪಾಡನ್ನೂ ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಮೊದಲು ಗಂಡನನ್ನು ಕೇಳಿದೆ. ಅವರು ತಮ್ಮನ್ನು ಬಗ್ಗಿ ನೋಡಿ, "ತಿರುಗ್ತಾ ಇದೆಯಲ್ಲೇ, ಇನ್ನೇನು ಬೇಕು ನಿಂಗೆ?" ಎಂದು ಡ್ಯೂಟಿಗೆ ಹೋದರು. ಬಸ್ ನಿಲ್ದಾಣದ ಬಳಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನವೀನ್‌ಕುಮಾರ್ ಅವರಿಗೆ ಫೋನು ಮಾಡಿದೆ. ಅವರು, "ಒಂದು ಒಳಗೆ ಎಳೀಬೇಕು ಅಕ್ಕ, ಒಂದು ಆಚೆ ತಳ್ಳಬೇಕು, ಅಷ್ಟೇ ಸಿಂಪಲ್ಲು" ಎಂದರು. ಯಾವುದು ಎಳೆಯುತ್ತಿದೆ, ಯಾವುದು ತಳ್ಳುತ್ತಿದೆ ಎಂದು ಕಂಡುಹಿಡಿಯುವುದು ಹೇಗೆಂದು ಕೇಳಿದ್ದಕ್ಕೆ, "ಡಬ್ಬ ಅಂಗಡಿಗೆ ತಗೊಂಡ್ ಬಂದ್ಬಿಡಿ" ಎಂದರು. ಹೂವಿನ ಹಾರ ಹಾಕಿಸಿಕೊಂಡ ಡಬ್ಬಿಯನ್ನು ಅತ್ತೆಯವರ ಕಣ್ಣೆದುರಿಗೇ ರಿಪೇರಿಗೆ ಹೊತ್ತುಕೊಂಡು ಹೋಗುವಷ್ಟು ಧೈರ್ಯ ನನ್ನ ಹೆತ್ತವರು ನನಗೆ ಕೊಟ್ಟಿಲ್ಲ.

ನನ್ನ ಸ್ವಂತ ಬುದ್ಧಿಯೂ ತಮ್ಮ ಮುಂದೆ ಸೋತಿತು. ಮೇಜಿನ ಮೇಲಿನ ಫ್ಯಾನು ಮೋಟಾರನ್ನು ಹಿಂದಿಟ್ಟುಕೊಂಡು ಮುಖದಿಂದ ಗಾಳಿ ಬೀಸುತ್ತದೆ. ತಾವೂ ಅದೇ ವಂಶದವರಲ್ಲವೇ ಎಂದುಕೊಂಡೆ. ತಾವು ಅದಕ್ಕೆ ತದ್ವಿರುದ್ಧ, ಮೋಟಾರು ಹಿಡಿದಿರುವ ಕಂಬಿಗಳ ಕಡೆಯಿಂದಲೇ ಗಾಳಿ ಬಿಡುವವರು. ಆಮೇಲೆ ಒಂದು ರೇಷ್ಮೆ ಎಳೆ ಹಿಡಿದು ನೋಡಿದೆ. ಸಹೋದರರ ಮುಂದೆ ಅದು ನನ್ನ ಮೂಗಿನ ಕಡೆಗೆ ಹಾರಿತು, ಅಂದರೆ ಅವರು ಬಿಸಿಗಾಳಿಯನ್ನು ನನ್ನ ಮುಖಕ್ಕೇ ಬಿಡುತ್ತಿದ್ದಾರೆಂದು ಅನುಮಾನ ಬಂತು. ತಮ್ಮ ಹಿಂದೆ ಹಿಡಿದಾಗ ಎಳೆ ಸುರ್ರೆಂದು ಒಳಗೆ ಹೋಗಿ ತಮ್ಮ ಸೊಂಟಕ್ಕೆ ಸುತ್ತಿಕೊಂಡಿತು. ಅದನ್ನು ಬಿಡಿಸುವುದರಲ್ಲಿ ಒಂದು ಇಡೀ ಮಧ್ಯಾಹ್ನ ಕಳೆಯಿತು.

ಎಳೆ ಬೇಡವೆಂದು ದೇವರ ಮನೆಯಿಂದ ಒಂದು ಊದುಬತ್ತಿ ತಂದು ಹಚ್ಚಿ, ಹೊಗೆ ಯಾವ ಕಡೆಗೆ ಬಾಗುತ್ತದೆಂದು ನೋಡಲು ತಮ್ಮ ಮುಂದೆ ಹಿಡಿದು ನಿಧಾನವಾಗಿ ಆಡಿಸುತ್ತ ನಿಂತೆ. ಇದೇ ಹೊತ್ತಿಗೆ ಅತ್ತೆಯವರು ಬಾಗಿಲಲ್ಲಿ ಕಾಣಿಸಿಕೊಂಡರು. ಸೊಸೆ ತಾನಾಗಿಯೇ ಕಂಪ್ಯೂಟರಿಗೆ ಊದುಬತ್ತಿ ಬೆಳಗುತ್ತಿರುವುದನ್ನು ಕಂಡು ಅವರ ಮುಖ ಅರಳಿತು, "ಒಬ್ಳೇ ಮಾಡ್ತಿದ್ದೀಯಲ್ಲಮ್ಮ, ನನ್ನೂ ಕರೀಬಾರ್ದಾ?" ಎಂದು ಒಳಗೆ ಓಡಿ, ಕರ್ಪೂರದ ತಟ್ಟೆ ಹಿಡಿದುಕೊಂಡು ಬಂದರು. ನಾವಿಬ್ಬರೂ ಸೇರಿ ತಮಗೆ ಮಂಗಳಾರತಿ ಎತ್ತಿದೆವು. ಹೊಗೆ ಸಹೋದರರಿಂದ ನನ್ನ ಕಡೆಗೆ ಬಂತು, ತಮ್ಮ ಕಡೆಯಲ್ಲಿ ಒಳಗೆ ಹೋಯಿತು. ನನ್ನ ಅನುಮಾನ ನಿಜವಾಗಿತ್ತು, ಆದರೆ ಅದನ್ನು ಹೇಳುವುದು ಇನ್ನೂ ಕಷ್ಟವಾಗಿತ್ತು. ಅಂದಿನಿಂದ ತಮಗೆ ದಿನವೂ ಬೆಳಿಗ್ಗೆ ಊದುಬತ್ತಿಯ ಸೇವೆ ನಡೆಯುತ್ತಿದೆ, ಅದರ ಹೊಗೆಯನ್ನು ಸಹೋದರರು ತಪ್ಪದೆ ನನ್ನ ಕಣ್ಣಿಗೆ ಊದುತ್ತಿದ್ದಾರೆ.

ಕೊನೆಗೆ ಅತ್ತೆಯವರು ಮಗ್ಗದ ಮನೆಯಲ್ಲಿದ್ದಾಗ ಡಬ್ಬಿ ತೆಗೆದು ಟಾರ್ಚು ಬಿಟ್ಟೆ. ಗಾಳಿಯ ದಿಕ್ಕು ಹೇಳುವ ಆ ಕರಿಬಾಣ ಕಂಡಿತು, ಮಾನ್ಯರೇ! ಹಬ್ಬದಲ್ಲಿ ಅತ್ತೆಯವರು ಅರಿಶಿನ ಹಚ್ಚಿದ ಬೆರಳಿನಲ್ಲಿ ತಮ್ಮ ಚೌಕಟ್ಟನ್ನು ಹಿಡಿದು ಕೂರಿಸುವಾಗ ಆ ಕೆತ್ತನೆಯೊಳಗೆ ಅರಿಶಿನ ತುಂಬಿಕೊಂಡು, ಕಪ್ಪು ಮೈಮೇಲೆ ಹಳದಿ ಬಾಣ ಎದ್ದು ಕಾಣುತ್ತಿತ್ತು. ಅದು ನೆಟ್ಟಗೆ ಡಬ್ಬಿಯ ಒಳಗೆ ತೋರಿಸುತ್ತಿತ್ತು. ತಮ್ಮ ತಯಾರಕರಿಗೆ ಇಷ್ಟು ವರ್ಷ ಹೊಳೆಯದ ಬಣ್ಣವನ್ನು ನಮ್ಮ ಅತ್ತೆಯವರು ಪುಕ್ಕಟೆಯಾಗಿ ಬಳಿದುಕೊಟ್ಟಿರುವುದರಿಂದ, ಅವರಿಗೆ ಕೃತಜ್ಞತೆ ಸಲ್ಲಿಸಬೇಕೆಂದು ಈ ಮೂಲಕ ಆಗ್ರಹಿಸುತ್ತೇನೆ.

ತಿರುಗಿಸಿ ಹಾಕಿಕೊಂಡರಾಯಿತಲ್ಲ ಎಂದು ತಾವು ಹೇಳಬಹುದು. ಹೇಳುವುದು ಸುಲಭ. ಪ್ರತಿದಿನ ಬೆಳಿಗ್ಗೆ ಅತ್ತೆಯವರು ಮುಂದಿನ ಜಾಲರಿಯೊಳಗೆ ಕಾಣುವ ಕುಂಕುಮದ ಬೊಟ್ಟುಗಳನ್ನು ನೋಡಿ ಹೂವಿಟ್ಟು ಹೋಗುತ್ತಾರೆ. ನಾನು ತಿರುಗಿಸಿದ ಮರುದಿನವೇ ಬೊಟ್ಟು ಒಳಗಾಗಿ ಬರೀ ರೆಕ್ಕೆ ಕಾಣುತ್ತದೆ. ಅವರು ಬೈಯುತ್ತಾರೆಂಬ ಹೆದರಿಕೆ ನನಗಿಲ್ಲ, ಬೈದರೆ ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಸರಿಹೋಗುತ್ತೇವೆ. ಆದರೆ ಅವರು ಬೈಯುವುದಿಲ್ಲ. "ಹೋಗ್ಲಿ ಬಿಡಮ್ಮ, ನಂಗೇನ್ ತಿಳಿಯುತ್ತೆ ನಿನ್ ಡಬ್ಬದ ವಿಷ್ಯ" ಎಂದು ಎದ್ದು ಹೋಗಿ, ಮತ್ತೆ ಆ ಕೋಣೆಯ ಹೊಸ್ತಿಲು ತುಳಿಯುವುದಿಲ್ಲ. ಅವಳ ಮಗ್ಗ ಎಂದದ್ದು ಮತ್ತೆ ಆ ಡಬ್ಬ ಆಗಿಬಿಡುತ್ತದೆ. ತಿರುಗಿಸದಿದ್ದರೆ ಚಿನ್ನಸ್ವಾಮಿಯವರ ಕೆಲಸ ಕೈತಪ್ಪುತ್ತದೆ, ಅವರ ಹಿಂದೆ ಉಳಿದವರದೂ. ಬಾಯಲ್ಲಿರುವ ಬಿಸಿತುಪ್ಪ ಉಗುಳುವಂತೆಯೂ ಇಲ್ಲ, ನುಂಗುವಂತೆಯೂ ಇಲ್ಲ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ, ಮುಖವನ್ನು ನಮ್ಮ ಅತ್ತೆಯವರ ಕಡೆಗೇ ಇಟ್ಟುಕೊಂಡು ಗಾಳಿಯನ್ನು ಮಾತ್ರ ಹಿಂದಲೆಯಿಂದ ಬಿಡುವ ಅಭ್ಯಾಸವನ್ನು ತಾವು ಮಾಡಿಕೊಳ್ಳಬೇಕು. ದೊಡ್ಡ ಮನುಷ್ಯರು ಅನೇಕರು ಇದನ್ನು ಸಲೀಸಾಗಿ ಮಾಡುತ್ತಾರೆ. ಅದು ಆಗದಿದ್ದರೆ, ದೇವರುಗಳು ಸಾಮಾನ್ಯವಾಗಿ ಮಾಡುವಂತೆ ತಾವು ಒಂದು ಸಲ ಅತ್ತೆಯವರ ಕನಸಿನಲ್ಲಿ ಬಂದು, ನನಗೆ ಗೋಡೆ ನೋಡುವ ಆಸೆಯಾಗಿದೆ ಎಂದು ಅಪ್ಪಣೆ ಕೊಡಿಸಬೇಕು. ಕನಸಿಗೆ ಬರುವಾಗ ಕುಂಕುಮ ಅಳಿಸಿಕೊಳ್ಳಬಾರದು, ಸಹೋದರರನ್ನೂ ಕರೆತರಬೇಕು. ಇದೂ ಆಗದಿದ್ದರೆ ಈ ಚಳಿಗಾಲ ಮುಗಿಯುವವರೆಗೆ ಬಾಲವಿಲ್ಲದ ಗಿಳಿಗಳು ಲೋಕದಲ್ಲಿ ಫ್ಯಾಷನ್ ಆಗುವಂತೆ ತಾವೇ ಏನಾದರೂ ಏರ್ಪಾಡು ಮಾಡಬೇಕು. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದಾರೆ. ಗಾಳಿ ಯಾವ ಕಡೆಯಿಂದ ಬರುತ್ತಿದೆಯೆಂದು ತಿಳಿದೂ ತೂರಿಕೊಳ್ಳಲಾಗದೆ ಕೂತವಳಿಗೆ ಅವರು ಏನನ್ನೂ ಹೇಳಿ ಹೋಗಿಲ್ಲ.

ತಮ್ಮ ಕೃಪೆಯ ಗಾಳಿ ಸರಿಯಾದ ಕಡೆಗೆ ಬೀಸಲೆಂದು ಹಾರೈಸುತ್ತ, ಕಣ್ಣಿಗೆ ಹೊಗೆ ಹೋಗಿರುವುದರಿಂದ ಅಕ್ಷರ ಸೊಟ್ಟಗಾಗಿದ್ದರೆ ಕ್ಷಮೆ ಕೋರುತ್ತ, ಮುಗಿಸುತ್ತೇನೆ.

ತಮ್ಮ ವಿಶ್ವಾಸಿ
(ತಾವು ಆ ವಿಶ್ವಾಸಕ್ಕೆ ತಕ್ಕವರಲ್ಲದಿದ್ದರೂ),
ಅರ್ಪಿತ

ವಿ.ಸೂ.: ಮೇಲಿನ ಸಹಿ ಹಾಕಿ ಪೆನ್ನು ಕೆಳಗಿಡುವಷ್ಟರಲ್ಲಿ ಚಿನ್ನಸ್ವಾಮಿಯವರು ಕೋಣೆಯೊಳಗೇ ಬಂದರು. ಅವರಿಗೆ ತೋರಿಸೋಣವೆಂದು ಗಿಳಿಗಳನ್ನು ತೆರೆದೆ, ತಾವು ಎಂದಿನಂತೆ ಹೂಂಕರಿಸಿ ಎಲ್ಲವನ್ನೂ ಆರಿಸಿದಿರಿ. ಅವರು ಹಿಂದೆಯೇ ಬಂದಿದ್ದ ಅತ್ತೆಯವರ ಕಡೆ ತಿರುಗಿ, "ನೋಡಿ ಗಂಗಲಕ್ಷ್ಮಮ್ಮ, ಬೇಜಾರ್ ಮಾಡ್ಕೋಬೇಡಿ, ಈ ಹುಡುಗಿಗೆ ಕೆಲ್ಸ ಬರಲ್ಲ, ನಾನು ಬೇರೆ ಕಡೆ ಬರೆಸ್ಕೋತೀನಿ" ಎಂದರು. ಅತ್ತೆಯವರು ತಲೆ ತಗ್ಗಿಸಿಕೊಂಡು ನಿಂತದ್ದನ್ನು ನೋಡಲಾರದೆ ನಾನು ಬಾಯಿಬಿಟ್ಟೆ. ಮುಖವೆಂದುಕೊಂಡದ್ದು ಮುಖವಲ್ಲ, ಗಾಳಿ ಹಿಂದುಮುಂದಾಗಿದೆ, ಮೂರನ್ನೂ ತಿರುಗಿಸಬೇಕು, ಹಬ್ಬದಲ್ಲಿ ಕೂರಿಸಿದ್ದು ತಪ್ಪಾಗಿದೆ ಎಂದು ಒಂದೇ ಉಸಿರಿಗೆ ಹೇಳಿ, ಅತ್ತೆಯವರು ಹೊರಟು ಹೋಗುವುದನ್ನೇ ಕಾಯುತ್ತ ಕೂತೆ.

ಅವರು ಹೋದದ್ದು ನಿಜ. ಹೋಗಿ ಸ್ಕ್ರೂಡ್ರೈವರ್ ತಂದರು. ಚಿನ್ನಸ್ವಾಮಿಯವರನ್ನು, "ಟೀ ಕುಡೀತಾ ಕೂತ್ಕೊಳಪ್ಪ, ಗಿಳಿ ಹಾರಿಹೋಗಲ್ಲ" ಎಂದು ಕುರ್ಚಿಗೆ ಕೂರಿಸಿ, ನನ್ನ ಪಕ್ಕ ನೆಲದಲ್ಲಿ ಕೂತು ತಮ್ಮನ್ನು ಬಿಚ್ಚುತ್ತ ಹೇಳಿದರು: "ಬೆನ್ನು ತೋರಿಸ್ಕೊಂಡು ಕೆಲ್ಸ ಮಾಡ್ತದೆ ಅಂತ ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿಂಗೆ? ಈ ಮನೆಗೆ ಬಂದಾಗಿಂದ ನಾನು ಮಗ್ಗದ ಕಡೆ ತಿರುಗ್ಕೊಂಡೇ ಇದ್ದೀನಿ. ನಿನ್ ಗಂಡ ಕೂಸಾಗಿದ್ದಾಗ ನೋಡಿದ್ದೆಲ್ಲ ನನ್ನ ಬೆನ್ನೇ ಕಣಮ್ಮ. ಕೆಲ್ಸ ಮಾಡೋರಿಗೆ ಮುಖ ತೋರಿಸ್ಕೊಂಡು ಕೂರಕ್ಕೆ ಪುರುಸೊತ್ತು ಎಲ್ಲಿರ್ತದೆ?"

ತಾವೀಗ ಗೋಡೆ ನೋಡುತ್ತಿದ್ದೀರಿ, ಡಬ್ಬಿ ತಣ್ಣಗಿದೆ. ತಮ್ಮಿಂದಾಗಿ ಚಿನ್ನಸ್ವಾಮಿಯವರ ಎದುರಿಗೆ ನನಗೆ ಅಳು ಬಂತು. ಈ ದೂರನ್ನೂ ಮೇಲಿನವುಗಳ ಜೊತೆಗೆ ಸೇರಿಸಿಕೊಳ್ಳತಕ್ಕದ್ದು.